ನೋಡಲು ಏನೂ ಇಲ್ಲದ ದೂರದರ್ಶಕದಲ್ಲಿ ಜನರಿಗೆ ಏನನ್ನು ತೋರಿಸುವುದು?

ಪ್ರಶ್ನೆ: ವಿಜ್ಞಾನ ಸಂಘದ ಸಂಚಾಲಕ

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಮಂದಿ ಸೇರಿ ಒಂದು ಸಣ್ಣ ವಿಜ್ಞಾನ ಸಂಘ ನಡೆಸುತ್ತಿದ್ದೇವೆ. ನಮ್ಮ ಬಳಿ ಎಂಟು ಅಂಗುಲದ ಪ್ರತಿಫಲಕ ದೂರದರ್ಶಕವೊಂದಿದ್ದು, ಅದರಲ್ಲಿ ಶಾಲಾ ಮಕ್ಕಳಿಗೂ ಸಾರ್ವಜನಿಕರಿಗೂ ಚಂದ್ರನ ಕುಳಿಗಳನ್ನು, ಗುರುವಿನ ಉಪಗ್ರಹಗಳನ್ನು, ಶನಿಯ ಬಳೆಯನ್ನು ತೋರಿಸುತ್ತಾ ಬಂದಿದ್ದೇವೆ. ತೊಂದರೆ ಏನೆಂದರೆ, ಶಾಲೆ ನಡೆಯುವುದು ಹಗಲಿನಲ್ಲಿ, ನಮ್ಮ ಕೆಲಸ ಆರಂಭವಾಗುವುದು ಕತ್ತಲಾದ ಮೇಲೆ. ಅದೂ ಮೋಡ ದಯೆ ತೋರಿದರೆ. ಹಗಲಿನಲ್ಲೂ ಮೋಡದಲ್ಲೂ ಕೆಲಸ ಮಾಡುವ ಪುಟ್ಟ ರೇಡಿಯೋ ದೂರದರ್ಶಕವೊಂದನ್ನು ನಾವೇ ಕಟ್ಟಿಕೊಂಡರೆ ಹೇಗೆ ಎಂಬ ಯೋಚನೆ ಈಗ ಬಂದಿದೆ.

ಆದರೆ ಸಂಘದೊಳಗೇ ಆಕ್ಷೇಪ ಎದ್ದಿದೆ. ಶನಿಯನ್ನು ಮೊದಲ ಸಲ ಕಣ್ಣಾರೆ ಕಂಡವರ ಬಾಯಿಂದ ತಾನಾಗಿಯೇ ಒಂದು ಉದ್ಗಾರ ಹೊರಡುತ್ತದೆ. ರೇಡಿಯೋ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವ ಜಾಗವೇ ಇಲ್ಲ. ನಮ್ಮ ಹಿರಿಯ ಸದಸ್ಯರೊಬ್ಬರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: "ಸ್ಪೀಕರಿನಿಂದ ಗೊರಗೊರ ಸದ್ದು ಕೇಳಿಸಿ ಇದು ಆಕಾಶಗಂಗೆ ಎಂದು ನೀವು ಹೇಳಿದರೆ ಮಕ್ಕಳು ನಂಬುತ್ತಾರೆ, ಸರಿ. ಕೆಟ್ಟುಹೋದ ರೇಡಿಯೋ ಕೂಡ ಅದೇ ಸದ್ದು ಮಾಡುತ್ತದೆ. ನಿಮ್ಮ ಮಾತನ್ನು ನಂಬುವುದಾದರೆ ವಿಜ್ಞಾನ ಎಲ್ಲಿ ಬಂತು?"

ಆದ್ದರಿಂದ ಅನುಭವಸ್ಥರಲ್ಲಿ ನನ್ನ ಕೋರಿಕೆ ಎರಡು. ಎಲೆಕ್ಟ್ರಾನಿಕ್ಸ್ ಅಷ್ಟಾಗಿ ತಿಳಿಯದ ನಮ್ಮಂಥವರು ಯಾವ ಪ್ರಯೋಗದಿಂದ ಆರಂಭಿಸಬೇಕು? ಆ ಹಿರಿಯರ ಪ್ರಶ್ನೆಗೆ ನೀವಾದರೆ ಏನು ಉತ್ತರ ಕೊಡುತ್ತೀರಿ?

ಉತ್ತರ 1: ಹ್ಯಾಮ್ ರೇಡಿಯೋ ಹವ್ಯಾಸಿ

ನಮಸ್ಕಾರ ಸರ್. ಮೊದಲ ಕೋರಿಕೆಗೆ ನನ್ನ ಉತ್ತರ, ಛಾವಣಿಯ ಮೇಲೆ ತುಕ್ಕು ಹಿಡಿಯುತ್ತಿರುವ ಹಳೆಯ ಟಿವಿ ಡಿಶ್ಶನ್ನು ಕೆಳಗಿಳಿಸಿ. ಅದರ ಮುಂದಿನ ತೋಳಿನಲ್ಲಿ ಕೂತಿರುವ ಎಲ್‌ಎನ್‌ಬಿ ಎಂಬ ಪುಟ್ಟ ಡಬ್ಬಿ ಸುಮಾರು 10.7ರಿಂದ 12.7 ಗಿಗಾಹರ್ಟ್ಸ್‌ವರೆಗಿನ ಅಲೆಗಳನ್ನು ಹಿಡಿದು, ಕೇಬಲ್ಲಿನಲ್ಲಿ ಸಾಗಬಲ್ಲ ಕಡಿಮೆ ಆವರ್ತಾಂಕಕ್ಕೆ ಇಳಿಸಿಕೊಡುತ್ತದೆ. ಡಿಶ್ ಜೋಡಿಸುವವರು ಉಪಗ್ರಹದ ದಿಕ್ಕು ಹುಡುಕಲು ಬಳಸುವ ಸ್ಯಾಟಲೈಟ್ ಫೈಂಡರ್ ಮೀಟರನ್ನು ಅದಕ್ಕೆ ಜೋಡಿಸಿ, 13ರಿಂದ 18 ವೋಲ್ಟ್ ವಿದ್ಯುತ್ ಕೊಟ್ಟರೆ ದೂರದರ್ಶಕ ಸಿದ್ಧ. ಕಂಪ್ಯೂಟರ್ ಬೇಡ, ಬೆಸುಗೆ ಬೇಡ. ಬ್ಯಾಟರಿಗಳ ಒಂದು ಕಟ್ಟು ಇದ್ದರೆ ಮೈದಾನದ ನಡುವೆಯೂ ನಡೆಯುತ್ತದೆ.

ಇದರಲ್ಲಿ ನಾನು ಮಕ್ಕಳಿಗೆ ಮೊದಲು ತೋರಿಸುವುದು ಸೂರ್ಯನನ್ನಲ್ಲ, ಅವರ ಅಂಗೈಯನ್ನು. ಡಿಶ್ಶನ್ನು ಉಪಗ್ರಹಗಳಿಲ್ಲದ ಖಾಲಿ ಆಕಾಶದತ್ತ ತಿರುಗಿಸಿ, ಮೀಟರಿನ ಗುಂಡಿ ತಿರುವಿ ಮುಳ್ಳನ್ನು ಕೆಳಗಿಳಿಸಿ, ಒಂದು ಮಗುವಿಗೆ ಎಲ್‌ಎನ್‌ಬಿಯ ಬಾಯಿಗೆ ಕೈ ಅಡ್ಡ ಹಿಡಿಯಲು ಹೇಳುತ್ತೇನೆ. ಮುಳ್ಳು ಟಣ್ಣನೆ ಮೇಲೆ ಹಾರುತ್ತದೆ, ಮೀಟರು ಕಿರುಚುತ್ತದೆ. ಕೈ ತೆಗೆದರೆ ಸುಮ್ಮನಾಗುತ್ತದೆ. ಕೈಯಲ್ಲಿ ಮೊಬೈಲ್ ಇರಬಹುದು, ಉಂಗುರ ಇರಬಹುದು ಎಂದು ಮಕ್ಕಳೇ ತರ್ಕ ಮಾಡಿ, ಒಂದೊಂದನ್ನೇ ಕಳಚಿ ಮತ್ತೆ ಕೈ ಹಿಡಿಯುತ್ತಾರೆ. ಬೆಚ್ಚಗಿರುವ ವಸ್ತುವೆಲ್ಲ ರೇಡಿಯೋ ಅಲೆಗಳನ್ನು ಸೂಸುತ್ತದೆ ಎಂಬ ಮಾತು ಪುಸ್ತಕದಲ್ಲಿ ಓದಿದಾಗ ಯಾರಿಗೂ ನಾಟುವುದಿಲ್ಲ. ತನ್ನ ಕೈಯೇ ಒಂದು ಪ್ರಸಾರ ಕೇಂದ್ರ ಎಂದು ಮೀಟರು ಕಿರುಚಿ ಹೇಳಿದಾಗ ನಾಟುತ್ತದೆ. ನಮ್ಮ ಮೈ ಸುಮಾರು 310 ಕೆಲ್ವಿನ್, ನೆಲ ಮತ್ತು ಗೋಡೆ 300ರ ಆಸುಪಾಸು, ಎಲ್‌ಎನ್‌ಬಿಗೆ ಕಾಣುವ ನಿರ್ಮಲ ಆಕಾಶ ಮಾತ್ರ ಅವುಗಳ ಎದುರು ಬಹಳ ತಣ್ಣಗೆ. ಡಿಶ್ಶನ್ನು ಮೆಲ್ಲಗೆ ಕೆಳಗೆ ಬಾಗಿಸುತ್ತ ಹೋದರೆ ಮರ, ಕಟ್ಟಡ, ನೆಲ ಒಂದೊಂದಾಗಿ ಮೀಟರಿನಲ್ಲಿ ಏರುತ್ತವೆ.

ಸೂರ್ಯ ಅದರ ನಂತರ. 60 ಸೆಂಟಿಮೀಟರ್ ಡಿಶ್ ಈ ತರಂಗಾಂತರದಲ್ಲಿ ಆಕಾಶದ ಸುಮಾರು 3 ಡಿಗ್ರಿ ಅಗಲದ ತುಂಡನ್ನು ಒಟ್ಟಿಗೆ ನೋಡುತ್ತದೆ. ಸೂರ್ಯನ ಅಗಲ ಅರ್ಧ ಡಿಗ್ರಿ, ಎಂದರೆ ಆ ತುಂಡಿನ 36ನೇ ಒಂದು ಪಾಲನ್ನಷ್ಟೇ ಅವನು ತುಂಬುತ್ತಾನೆ. ಹಾಗಿದ್ದೂ ಮೀಟರು ಹೆಚ್ಚು ಕಡಿಮೆ ನೆಲವನ್ನು ನೋಡಿದಷ್ಟೇ ಏರುತ್ತದೆ. ಮುನ್ನೂರನ್ನು ಮೂವತ್ತಾರರಿಂದ ಗುಣಿಸಿ ಎಂದು ಹೈಸ್ಕೂಲು ಮಕ್ಕಳಿಗೆ ಹೇಳಿದರೆ ಹತ್ತು ಸಾವಿರ ಡಿಗ್ರಿಯ ಆಸುಪಾಸಿಗೆ ಬಂದು ನಿಲ್ಲುತ್ತಾರೆ. ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್ ಎಂದು ಪಠ್ಯದಲ್ಲಿ ಓದಿದ ಹುಡುಗಿಯೊಬ್ಬಳು "ಹಾಗಾದರೆ ನಮ್ಮ ಲೆಕ್ಕ ತಪ್ಪು" ಎಂದಳು. ತಪ್ಪಲ್ಲ, ಕಣ್ಣಿಗೆ ಕಾಣುವ ಬೆಳಕು ಹೊರಡುವ ಪದರಕ್ಕಿಂತ ಮೇಲಿನ, ಇನ್ನೂ ಬಿಸಿಯಾದ ವರ್ಣಗೋಳದಿಂದ ಈ ಅಲೆಗಳು ಬರುತ್ತವೆ. ಒರಟು ಲೆಕ್ಕವೇ ಆದರೂ ಗುಜರಿ ಡಿಶ್ಶಿನಿಂದ ಇಷ್ಟು ದೂರ ಬರಬಹುದು.

ಎರಡು ಎಚ್ಚರಿಕೆಗಳನ್ನು ಹೇಳಿಬಿಡುತ್ತೇನೆ. ಮನೆಯ ಡಿಶ್ಶುಗಳು ತಾವು ಮುಖಮಾಡಿದ ದಿಕ್ಕನ್ನೇ ನೋಡುವುದಿಲ್ಲ, ಅದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲೆ ನೋಡುತ್ತವೆ. ಆದ್ದರಿಂದ ತಟ್ಟೆಯ ಮೇಲೆ ಉಗುರಗಲದ ಎರಡು ಮೂರು ಕನ್ನಡಿ ಚೂರುಗಳನ್ನು ಅಂಟಿಸಿಕೊಂಡರೆ, ಅವುಗಳ ಬೆಳಕಿನ ಚುಕ್ಕೆಗಳು ಎಲ್‌ಎನ್‌ಬಿಯ ಮೇಲೆ ಒಂದಾದಾಗ ಗುರಿ ಸರಿಯಾಗಿದೆ ಎಂದರ್ಥ. ಹೊಳಪು ಹೆಚ್ಚಲಿ ಎಂದು ಇಡೀ ತಟ್ಟೆಗೆ ಹೊಳೆಯುವ ಹಾಳೆ ಅಂಟಿಸಲು ಹೋಗಬೇಡಿ. ಒಟ್ಟುಗೂಡಿದ ಬಿಸಿಲಿಗೆ ಎಲ್‌ಎನ್‌ಬಿಯ ಪ್ಲಾಸ್ಟಿಕ್ ಮುಚ್ಚಳ ಕರಗಿ ಕೆಳಗೆ ತೊಟ್ಟಿಕ್ಕುತ್ತದೆ. ಇದನ್ನು ನಾನು ಓದಿ ತಿಳಿದದ್ದಲ್ಲ.

ಉತ್ತರ 2: ಹಾರ್ನ್ ಆಂಟೆನಾ ಬಳಕೆದಾರ

ಮೇಲಿನವರ ಮಾತು ಒಪ್ಪಿಗೆ. ಆದರೆ ಡಿಶ್ ಪ್ರಯೋಗ ಸೂರ್ಯನಾಚೆ ಹೆಚ್ಚು ದೂರ ಹೋಗುವುದಿಲ್ಲ. ಆಕಾಶಗಂಗೆಯನ್ನೇ ಅಳೆಯಬೇಕು ಎಂಬ ಆಸೆ ಇದ್ದರೆ 21 ಸೆಂಟಿಮೀಟರಿನ ಹೈಡ್ರೋಜನ್ ರೇಖೆಗೆ ಬನ್ನಿ. ಹೈಡ್ರೋಜನ್ ಪರಮಾಣುವಿನಲ್ಲಿ ಪ್ರೋಟಾನ್ ಮತ್ತು ಎಲೆಕ್ಟ್ರಾನುಗಳ ಗಿರಕಿ ಒಂದೇ ದಿಕ್ಕಿನಲ್ಲಿದ್ದದ್ದು ತಿರುಗುಮುರುಗಾದಾಗ 1420.4 ಮೆಗಾಹರ್ಟ್ಸ್‌ನಲ್ಲಿ ಒಂದಿಷ್ಟು ಶಕ್ತಿ ಹೊರಬೀಳುತ್ತದೆ. ಒಂಟಿ ಪರಮಾಣುವೊಂದು ತಾನಾಗಿ ಹೀಗೆ ತಿರುಗಲು ಸರಾಸರಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಆದರೂ ಆಕಾಶಗಂಗೆಯಲ್ಲಿ ಹೈಡ್ರೋಜನ್ ಎಷ್ಟು ತುಂಬಿದೆಯೆಂದರೆ ಯಾವ ಕ್ಷಣದಲ್ಲಿ ಕಿವಿಗೊಟ್ಟರೂ ಈ ರೇಖೆ ಅಲ್ಲಿರುತ್ತದೆ. ಇದು ಇರಬೇಕೆಂದು ಹಾಲೆಂಡಿನ ವಾನ್ ಡ ಹುಲ್ಸ್ಟ್ 1944ರಲ್ಲಿ ಲೆಕ್ಕ ಹಾಕಿ ಹೇಳಿದರು. 1951ರ ಮಾರ್ಚಿನಲ್ಲಿ ಹಾರ್ವರ್ಡಿನ ಈವೆನ್ ಮತ್ತು ಪರ್ಸೆಲ್ ಪ್ರಯೋಗಾಲಯದ ಕಿಟಕಿಯಿಂದ ಹೊರಚಾಚಿದ ಪ್ಲೈವುಡ್ಡಿನ ಕೊಂಬಿನಾಕಾರದ ಆಂಟೆನಾದಲ್ಲಿ ಅದನ್ನು ಹಿಡಿದೇಬಿಟ್ಟರು. ಆ ಆಂಟೆನಾದ ಒಳಮೈಗೆ ತಾಮ್ರದ ತಗಡು ಹೊದಿಸಿತ್ತು. ನೀವು ಕಟ್ಟಬೇಕಾದದ್ದೂ ಅಂಥದ್ದೇ ಹಾರ್ನ್. ತಾಮ್ರದ ಬದಲು ಅಲ್ಯೂಮಿನಿಯಂ ಹಾಳೆ ಸಾಕು.

ನನ್ನ ಹಾರ್ನಿನ ಬಾಯಿ ಸುಮಾರು 75 ಸೆಂಟಿಮೀಟರ್ ಅಗಲ. ಶಾಖ ತಡೆಯಲು ಗೋಡೆಗೆ ಹಾಕುವ, ಎರಡೂ ಬದಿ ಅಲ್ಯೂಮಿನಿಯಂ ಅಂಟಿಸಿದ ಹಗುರ ಹಲಗೆಗಳನ್ನು ಕತ್ತರಿಸಿ, ಅಂಚುಗಳನ್ನು ಅಲ್ಯೂಮಿನಿಯಂ ಟೇಪಿನಿಂದ ಕೂಡಿಸಿದ್ದೇನೆ. ಹಿಂಬದಿಗೆ ಒಂದು ದುಂಡು ತಗಡಿನ ಡಬ್ಬಿ. ಈ ಡಬ್ಬಿಯ ಆಯ್ಕೆಯಲ್ಲಿ ಮಾತ್ರ ಸಸಾರ ಸಲ್ಲದು: ಒಳವ್ಯಾಸ 12.4 ಸೆಂಟಿಮೀಟರಿಗಿಂತ ಕಡಿಮೆಯಾದರೆ 21 ಸೆಂಟಿಮೀಟರಿನ ಅಲೆ ಅದರೊಳಗೆ ಸಾಗುವುದೇ ಇಲ್ಲ, 15ರಿಂದ 16 ಇದ್ದರೆ ಸುಖ. ನನ್ನದು 15.5, ಅದರ ತಳದಿಂದ 8.8 ಸೆಂಟಿಮೀಟರ್ ದೂರದಲ್ಲಿ ತೂತು ಕೊರೆದು, ಸುಮಾರು 5 ಸೆಂಟಿಮೀಟರ್ ಉದ್ದದ ತಾಮ್ರದ ತಂತಿಯೊಂದನ್ನು ಕನೆಕ್ಟರಿಗೆ ಬೆಸೆದು ಒಳಗೆ ನಿಲ್ಲಿಸಿದ್ದೇನೆ. ನಿಜವಾದ ಆಂಟೆನಾ ಎಂದರೆ ಆ ಕಡ್ಡಿಯಷ್ಟೇ. ಉಳಿದದ್ದೆಲ್ಲ ಅದಕ್ಕೆ ಅಲೆಗಳನ್ನು ತುಂಬಿಕೊಡುವ ಲಾಳಿಕೆ. ಕಡ್ಡಿಯನ್ನು ಬೇಕಾದ್ದಕ್ಕಿಂತ ತುಸು ಉದ್ದ ಇಟ್ಟುಕೊಂಡು ಮಿಲಿಮೀಟರ್ ಮಿಲಿಮೀಟರಾಗಿ ಕತ್ತರಿಸುತ್ತಾ ಬನ್ನಿ. ಗಿಡ್ಡವಾದದ್ದನ್ನು ಉದ್ದ ಮಾಡುವ ಕತ್ತರಿ ಇನ್ನೂ ಬಂದಿಲ್ಲ.

ಕಡ್ಡಿಯ ಬುಡದಲ್ಲೇ, ಕೇಬಲ್ಲಿನ ಆಚೆ ತುದಿಯಲ್ಲಲ್ಲ, ಕಡಿಮೆ ಗದ್ದಲದ ವರ್ಧಕ ಮತ್ತು 1420ರ ಫಿಲ್ಟರ್ ಇರಬೇಕು. ಅಲ್ಲಿಂದ ಮುಂದೆ ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಚುಚ್ಚುವ, ಹೆಬ್ಬೆರಳಷ್ಟು ದೊಡ್ಡ ಆರ್‌ಟಿಎಲ್-ಎಸ್‌ಡಿಆರ್ ಎಂಬ ಗ್ರಾಹಕ (ಎಸ್‌ಡಿಆರ್ ಎಂದರೆ ಹೆಚ್ಚಿನ ಕೆಲಸವನ್ನು ತಂತ್ರಾಂಶಕ್ಕೆ ಬಿಡುವ ರೇಡಿಯೋ). ಟಿವಿ ನೋಡಲೆಂದು ಮಾಡಿದ ಈ ಗ್ರಾಹಕ ಕಚ್ಚಾ ಸಂಕೇತವನ್ನೂ ಹೊರಗೆ ಕೊಡಬಲ್ಲದು ಎಂಬುದು 2012ರ ಹೊತ್ತಿಗೆ ಹವ್ಯಾಸಿಗಳಲ್ಲಿ ಹರಡಿದ ಮೇಲೆ ನಮ್ಮ ಹವ್ಯಾಸದ ಸ್ವರೂಪವೇ ಬದಲಾಯಿತು. ಇದು ಒಮ್ಮೆಗೆ ನಂಬಿಕೆಯಿಂದ ಹಿಡಿಯುವ ಪಟ್ಟಿ ಸುಮಾರು 2.4 ಮೆಗಾಹರ್ಟ್ಸ್. ಅನಿಲ ನಮ್ಮತ್ತ ಬರುತ್ತಿದ್ದರೆ ಆವರ್ತಾಂಕ ತುಸು ಏರುತ್ತದೆ, ದೂರ ಸರಿಯುತ್ತಿದ್ದರೆ ಇಳಿಯುತ್ತದೆ. ಹೈಡ್ರೋಜನ್ ರೇಖೆಯಲ್ಲಿ ಇಂಥ ಪ್ರತಿ 4.74 ಕಿಲೋಹರ್ಟ್ಸ್ ಪಲ್ಲಟವೂ ಸೆಕೆಂಡಿಗೆ 1 ಕಿಲೋಮೀಟರ್ ವೇಗಕ್ಕೆ ಸಮ. ಎಂದರೆ ಸೆಕೆಂಡಿಗೆ 500 ಕಿಲೋಮೀಟರ್ ಹರವಿನ ವೇಗಗಳು ಒಂದೇ ಪರದೆಯಲ್ಲಿ ಹಿಡಿಸುತ್ತವೆ. ಆಕಾಶಗಂಗೆಯ ಬಹುಪಾಲು ಅನಿಲಕ್ಕೆ ಇಷ್ಟು ಸಾಕು.

ಇನ್ನು ನಿಮ್ಮ "ಉದ್ಗಾರ"ದ ವಿಚಾರ. ಅದು ಇದರಲ್ಲೂ ಇದೆ, ಆದರೆ ತಡವಾಗಿ ಬರುತ್ತದೆ, ಮತ್ತು ತಡವಾಗಿ ಬರುವುದೇ ಅದರ ರುಚಿ. ನಾನು ಪರದೆಯ ಮೇಲೆ ಮೊದಲು ಒಂದೇ ಸೆಕೆಂಡಿನ ರೋಹಿತವನ್ನು, ಎಂದರೆ ಯಾವ ಆವರ್ತಾಂಕದಲ್ಲಿ ಎಷ್ಟು ಬಲ ಎಂಬ ನಕ್ಷೆಯನ್ನು, ತೋರಿಸುತ್ತೇನೆ. ಹುಲ್ಲು ಬೆಳೆದ ಹಾಗೆ ಗೀಚುಗೀಚು. ಏನೂ ಇಲ್ಲ ಎಂದು ಎಲ್ಲರೂ ಒಪ್ಪುತ್ತಾರೆ. ಆಮೇಲೆ ಹತ್ತು ಸೆಕೆಂಡಿನ ಸರಾಸರಿ, ನೂರು ಸೆಕೆಂಡಿನ ಸರಾಸರಿ. ಗದ್ದಲವನ್ನು ಅಷ್ಟೇ ಬಲದ ಅಲೆ ಸೂಸುವ ವಸ್ತುವಿನ ತಾಪವಾಗಿ, ಕೆಲ್ವಿನ್‌ನಲ್ಲಿ ಹೇಳುವುದು ರೂಢಿ. ಒಟ್ಟು ಗದ್ದಲ 200 ಕೆಲ್ವಿನ್ ಇರುವ ವ್ಯವಸ್ಥೆಯಲ್ಲಿ, ರೋಹಿತವನ್ನು 5 ಕಿಲೋಹರ್ಟ್ಸ್ ಅಗಲದ ತುಂಡುಗಳಾಗಿ ಹಂಚಿದರೆ ಒಂದೊಂದು ತುಂಡಿನ ಅಲುಗಾಟ ಒಂದು ಸೆಕೆಂಡಿನಲ್ಲಿ ಸುಮಾರು 2.8 ಕೆಲ್ವಿನ್, ನೂರು ಸೆಕೆಂಡಿನಲ್ಲಿ ಅದು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಾಲ ನೂರು ಪಟ್ಟಾದರೆ ಗದ್ದಲ ಕುಗ್ಗುವುದು ಹತ್ತು ಪಟ್ಟು, ಅದರ ವರ್ಗಮೂಲ. ಹುಲ್ಲು ಹೀಗೆ ತಗ್ಗುತ್ತಾ ಹೋದಂತೆ ನಡುವೆ ಒಂದು ಉಬ್ಬು, ಮಂಜಿನಿಂದ ಗುಡ್ಡ ಹೊರಬರುವ ಹಾಗೆ, ಎದ್ದು ನಿಲ್ಲುತ್ತದೆ. ಅದನ್ನು ನಾನು ಬೆರಳಿಟ್ಟು ತೋರಿಸುವುದಿಲ್ಲ. ಮಕ್ಕಳಲ್ಲಿ ಯಾರಾದರೂ ಒಬ್ಬರು "ಅಲ್ಲಿ ಏನೋ ಇದೆ" ಎನ್ನುವವರೆಗೆ ಸುಮ್ಮನೆ ಕೂರುತ್ತೇನೆ. ಒಮ್ಮೊಮ್ಮೆ ಐದು ನಿಮಿಷ ಹಿಡಿದದ್ದೂ ಇದೆ.

ಮುಂದಿನ ಹೆಜ್ಜೆಯಾಗಿ, ರಾಜಹಂಸ ನಕ್ಷತ್ರಪುಂಜದಿಂದ ಧನು ರಾಶಿಯ ಕಡೆಗೆ ಆಕಾಶಗಂಗೆಯ ಪಟ್ಟಿಯುದ್ದಕ್ಕೂ ಹಾರ್ನನ್ನು ಸರಿಸುತ್ತಾ ಹೋದರೆ ಉಬ್ಬು ಆಚೀಚೆ ಸರಿಯುವುದನ್ನೂ, ಎರಡಾಗಿ ಮೂರಾಗಿ ಒಡೆಯುವುದನ್ನೂ ಕಾಣಬಹುದು. ಬೇರೆ ಬೇರೆ ಸುರುಳಿ ಬಾಹುಗಳ ಅನಿಲ ಬೇರೆ ಬೇರೆ ವೇಗದಲ್ಲಿ ಓಡುತ್ತಿದೆ. ಸೂರ್ಯನಿರುವ ದೂರದಲ್ಲಿ ಆಕಾಶಗಂಗೆಯ ಆವರ್ತನೆಯ ವೇಗ ಸೆಕೆಂಡಿಗೆ ಸುಮಾರು 220 ಕಿಲೋಮೀಟರ್. ಒಳಗಿನಿಂದ ಹೊರಗೆ ಹೋದಂತೆ ಈ ವೇಗ ಗ್ರಹಗಳ ವೇಗದಂತೆ ಇಳಿಯುವುದಿಲ್ಲ ಎಂಬ ಸಂಗತಿಯೇ ಕಾಣದ ದ್ರವ್ಯದ ಚರ್ಚೆಗೆ ಬಾಗಿಲು. ಇಷ್ಟು ಅಳೆಯಲು ನನ್ನ ಹಾರ್ನಿನ 20 ಡಿಗ್ರಿ ನೋಟ ಬಹಳ ಒರಟು ಎಂಬುದನ್ನು ಒಪ್ಪಿಕೊಳ್ಳಬೇಕು. ಅಂಥ ಅಳತೆಗೆ ಸ್ವೀಡನ್ನಿನ ಒನ್ಸಾಲಾ ವೀಕ್ಷಣಾಲಯವು ವಿದ್ಯಾರ್ಥಿಗಳಿಗಾಗಿ ಅಂತರ್ಜಾಲದ ಮೂಲಕ ತೆರೆದಿಟ್ಟಿರುವ ಸಾಲ್ಸಾ ಎಂಬ 2.3 ಮೀಟರಿನ ದೂರದರ್ಶಕಗಳು ಉತ್ತಮ. ಆದರೆ ನನ್ನನ್ನು ಕೇಳಿದರೆ, ಮೊದಲು ಸ್ವಂತ ಡಬ್ಬಿ, ಆಮೇಲೆ ಸ್ವೀಡನ್.

ಉತ್ತರ 3: ಭೌತಶಾಸ್ತ್ರ ಅಧ್ಯಾಪಕಿ

ಇಬ್ಬರೂ ಮೊದಲ ಕೋರಿಕೆಗೆ ಸೊಗಸಾಗಿ ಉತ್ತರಿಸಿದ್ದಾರೆ. ಎರಡನೆಯದನ್ನು, ಆ ಹಿರಿಯ ಸದಸ್ಯರ ಪ್ರಶ್ನೆಯನ್ನು, ಯಾರೂ ಮುಟ್ಟಿಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ಚರ್ಚೆಯಲ್ಲಿ ಬೆಲೆಬಾಳುವ ಮಾತು ಅದೇ, ಮತ್ತು ಈ ಹವ್ಯಾಸ ಶಿಕ್ಷಣಕ್ಕೆ ಒದಗುವುದು ಅದರ ಮೂಲಕವೇ. ಶನಿಯನ್ನು ಕಂಡವರು ಯಾರೂ "ಇದು ಶನಿಯೇ ಎಂದು ಹೇಗೆ ಗೊತ್ತು?" ಎಂದು ಕೇಳುವುದಿಲ್ಲ, ಏಕೆಂದರೆ ಚಿತ್ರದಲ್ಲಿ ಮೊದಲೇ ನೋಡಿರುತ್ತಾರೆ. ರೇಡಿಯೋ ಗ್ರಾಫ್ ಕಂಡವರು ತಪ್ಪದೆ ಕೇಳುತ್ತಾರೆ. ಕೇಳದಿದ್ದರೆ ನಾವೇ ಕೇಳಿಸಬೇಕು.

ಉತ್ತರವನ್ನು ನಾವು ಹೊಸದಾಗಿ ಹುಡುಕಬೇಕಾಗಿಲ್ಲ, ಈ ವಿಜ್ಞಾನ ಹುಟ್ಟಿದ್ದೇ ಆ ಪ್ರಶ್ನೆಯಿಂದ. ಕಾರ್ಲ್ ಜಾನ್ಸ್ಕಿ ಅಮೆರಿಕದ ಬೆಲ್ ಪ್ರಯೋಗಾಲಯದ ಎಂಜಿನಿಯರ್. ಸಾಗರದಾಚೆಗಿನ ರೇಡಿಯೋ ದೂರವಾಣಿಗೆ ಅಡ್ಡಿ ಮಾಡುವ ಕರಕರ ಎಲ್ಲಿಂದ ಬರುತ್ತದೆ ಎಂದು ಪತ್ತೆ ಮಾಡುವುದು ಅವರ ಕೆಲಸವಾಗಿತ್ತು. ಫೋರ್ಡ್ ಮಾಡೆಲ್ ಟಿ ಕಾರಿನ ಚಕ್ರಗಳ ಮೇಲೆ ಸುತ್ತುತ್ತಿದ್ದ, 20.5 ಮೆಗಾಹರ್ಟ್ಸ್‌ಗೆ ಹೊಂದಿಸಿದ ಆಂಟೆನಾದಲ್ಲಿ ಗುಡುಗು ಮಿಂಚುಗಳ ಸದ್ದಿನ ಜೊತೆಗೆ ಸಣ್ಣನೆಯ ಒಂದು ಹಿಸ್ ಎಂಬ ಸದ್ದೂ ಕೇಳಿಸಿತು. 1931ರ ಕೊನೆಯ ವೇಳೆಗೆ ಅದರ ದಿಕ್ಕು ಸೂರ್ಯನ ದಿಕ್ಕಿಗೆ ಹೊಂದುತ್ತಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಸೂರ್ಯನ ಹೆಸರು ಬರೆದು ಮುಗಿಸಬಹುದಿತ್ತು. ಅವರು ತಿಂಗಳುಗಟ್ಟಲೆ ಅಳೆಯುತ್ತ ಹೋದರು. ಸದ್ದು ಸೂರ್ಯನನ್ನು ಬಿಟ್ಟು ಮುಂದೆ ಸರಿಯಿತು. ಅದು ಮರಳಿ ಬರುತ್ತಿದ್ದ ಅವಧಿ 24 ಗಂಟೆಯಲ್ಲ, 23 ಗಂಟೆ 56 ನಿಮಿಷ. ಮನುಷ್ಯ ಮಾಡಿದ ಯಾವ ಯಂತ್ರವೂ, ಯಾವ ಕಾರ್ಖಾನೆಯೂ ದಿನಕ್ಕೆ ನಾಲ್ಕು ನಿಮಿಷ ಮುಂಚೆ ಕೆಲಸಕ್ಕೆ ಬರುವುದಿಲ್ಲ. ನಕ್ಷತ್ರಗಳು ಬರುತ್ತವೆ. ಮೂಲ ಧನು ರಾಶಿಯ ದಿಕ್ಕಿನಲ್ಲಿ, ಆಕಾಶಗಂಗೆಯ ಕೇಂದ್ರದ ಕಡೆಗಿದೆ ಎಂದು 1933ರಲ್ಲಿ ಪ್ರಕಟಿಸಿದರು.

ಅದನ್ನು ಮುಂದಕ್ಕೆ ಒಯ್ದದ್ದು ಒಂದು ಸಂಸ್ಥೆಯಲ್ಲ, ಒಬ್ಬ ಹವ್ಯಾಸಿ ಎಂಬುದನ್ನೂ ಇಲ್ಲಿ ನೆನೆಯಬೇಕು. ಗ್ರೋಟ್ ರೇಬರ್ 1937ರಲ್ಲಿ ತಮ್ಮ ಮನೆಯ ಹಿತ್ತಲಿನಲ್ಲಿ ಸ್ವಂತ ದುಡ್ಡಿನಿಂದ 9 ಮೀಟರಿಗೂ ಹೆಚ್ಚು ಅಗಲದ ತಟ್ಟೆಯನ್ನು ಕಟ್ಟಿದರು. 3,300 ಮೆಗಾಹರ್ಟ್ಸ್‌ನಲ್ಲಿ ಏನೂ ಸಿಗಲಿಲ್ಲ, 900ರ ಸುತ್ತಮುತ್ತಲೂ ಸಿಗಲಿಲ್ಲ, 160ಕ್ಕೆ ಇಳಿದ ಮೇಲೆ ಆಕಾಶಗಂಗೆ ಸಿಕ್ಕಿತು. ಹಗಲಿನಲ್ಲಿ ಕಾರುಗಳ ಕಿಡಿಯ ಗದ್ದಲ ತೊಂದರೆ ಕೊಡುತ್ತದೆಂದು ರಾತ್ರಿ ಕೂತು ಅಂಕಿ ಬರೆದುಕೊಳ್ಳುತ್ತಿದ್ದರು. ಎರಡು ಸಲ ಏನೂ ಸಿಗದ ಕಥೆಯನ್ನು ಮಕ್ಕಳಿಗೆ ಹೇಳುವಾಗ ಬಿಟ್ಟುಬಿಡಬೇಡಿ. ದೂರದ ಮೂಲ ಬಿಸಿವಸ್ತುವಿನಂತೆ ಸೂಸುತ್ತಿದ್ದರೆ ಹೆಚ್ಚಿನ ಆವರ್ತಾಂಕದಲ್ಲೇ ಬಲವಾಗಿ ಸಿಗಬೇಕಿತ್ತು; ಸಿಗಲಿಲ್ಲ ಎಂಬುದೇ ಒಂದು ಮಾಹಿತಿ.

ಹಾಗಾಗಿ ನನ್ನ ಸಲಹೆ: ಹಾರ್ನನ್ನು ನೆತ್ತಿಯತ್ತ ಮುಖಮಾಡಿ ಅಲುಗಾಡದಂತೆ ನಿಲ್ಲಿಸಿ, ಭೂಮಿಯೇ ಅದನ್ನು ತಿರುಗಿಸಲಿ. ಉಬ್ಬು ಅತ್ಯಂತ ಎತ್ತರಕ್ಕೇರಿದ ಹೊತ್ತನ್ನು ಮಕ್ಕಳೇ ಬರೆದಿಡಲಿ. ಹದಿನೈದು ದಿನಕ್ಕೆ ಸುಮಾರು ಒಂದು ಗಂಟೆ ಮುಂಚೆ ಬರತೊಡಗಿದರೆ ಹಿರಿಯರಿಗೆ ಉತ್ತರ ಸಿಕ್ಕಿತು. ಬರದಿದ್ದರೂ ಉತ್ತರ ಸಿಕ್ಕಿತು. ವರ್ಷವಿಡೀ ನಡೆಸುವ ತಾಳ್ಮೆ ಇದ್ದರೆ ಇನ್ನೂ ಒಂದಿದೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಓಡುವುದರಿಂದ, ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯ ವರ್ಷವಿಡೀ ಸಾಗುವಂತೆ ಕಾಣುವ ದಾರಿಯ) ಸಮೀಪದ ಅದೇ ತುಂಡು ಆಕಾಶವನ್ನು ತಕ್ಕ ಎರಡು ಕಾಲಗಳಲ್ಲಿ, ಆರು ತಿಂಗಳ ಅಂತರದಲ್ಲಿ, ನೋಡಿದರೆ ರೇಖೆ 280 ಕಿಲೋಹರ್ಟ್ಸ್‌ವರೆಗೆ ಸರಿದಿರುತ್ತದೆ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಅದನ್ನು ಸ್ವತಃ ಅಳೆದವರು ನಮ್ಮಲ್ಲಿ ಎಷ್ಟು ಮಂದಿ?

ಇನ್ನೊಂದು ಮಾತು. ಸ್ಪೀಕರ್ ಬಳಸುವುದಾದರೆ, ಇದು ಆಕಾಶದ "ಸದ್ದು" ಅಲ್ಲ, ರೇಡಿಯೋ ಅಲೆಯ ಬಲವನ್ನು ನಾವು ಸದ್ದಾಗಿ ಮಾರ್ಪಡಿಸಿದ್ದೇವೆ ಎಂದು ಮೊದಲೇ ಹೇಳಿ. ಇಲ್ಲವಾದರೆ ನಿರ್ವಾತದಲ್ಲಿ ಸದ್ದು ಸಾಗುತ್ತದೆ ಎಂದು ಕಲಿತು ಮನೆಗೆ ಹೋಗುತ್ತಾರೆ.

ಎರಡು ತಿಂಗಳ ಬಳಿಕ: ವಿಜ್ಞಾನ ಸಂಘದ ಸಂಚಾಲಕ

ಎಲ್ಲರಿಗೂ ಕೃತಜ್ಞತೆಗಳು. ಡಿಶ್ ಪ್ರಯೋಗ ನಿರೀಕ್ಷೆಗೆ ಮೀರಿ ನಡೆಯಿತು. ಅಂಗೈಗಾಗಿ ಸಾಲು ನಿಲ್ಲಿಸಬೇಕಾಯಿತು. ಹಾರ್ನ್ ಕೂಡ ಕಟ್ಟಿದೆವು. ಮೊದಲ ದಿನವೇ ಪರದೆಯ ನಟ್ಟನಡುವೆ, ಸರಿಯಾಗಿ 1420.4ರಲ್ಲಿ, ಸೂಜಿಯಂತೆ ಚೂಪಾದ ರೇಖೆ ಎದ್ದು ನಿಂತಿತು. ಸರಾಸರಿ ತೆಗೆಯುವ ಅಗತ್ಯವೇ ಬೀಳಲಿಲ್ಲ. ಸೇರಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು, ನಾನು ಆಕಾಶಗಂಗೆಯ ಬಗ್ಗೆ ಕಾಲು ಗಂಟೆ ಮಾತನಾಡಿದೆ. ಈಗ ಅನುಮಾನ ಕಾಡುತ್ತಿದೆ: ಹಾರ್ನನ್ನು ಯಾವ ಕಡೆ ತಿರುಗಿಸಿದರೂ ಸೂಜಿ ಅಲ್ಲಾಡುವುದಿಲ್ಲ. ಗ್ರಾಹಕವು ಆರ್‌ಟಿಎಲ್ ಅಲ್ಲ, ಪರಿಚಿತರಿಂದ ಎರವಲು ತಂದ ಬೇರೊಂದು ಎಸ್‌ಡಿಆರ್. ನಾವು ಎಲ್ಲಿ ತಪ್ಪಿದ್ದೇವೆ?

ಉತ್ತರ 4: ಹಾರ್ನ್ ಆಂಟೆನಾ ಬಳಕೆದಾರ

ಗ್ರಾಹಕವನ್ನು ಯಾವ ಆವರ್ತಾಂಕಕ್ಕೆ ನಿಲ್ಲಿಸಿದ್ದೀರಿ? ಸರಿಯಾಗಿ 1420.4ಕ್ಕೇ ಎಂದಾದರೆ ಆ ಸೂಜಿ ಹುಟ್ಟಿದ್ದು ಗ್ರಾಹಕದ ಹೊಟ್ಟೆಯಲ್ಲಿ. ಹಲವು ಎಸ್‌ಡಿಆರ್‌ಗಳಲ್ಲಿ ಪಟ್ಟಿಯ ನಟ್ಟನಡುವೆ ಇಂಥ ಮುಳ್ಳೊಂದು ಸದಾ ಇರುತ್ತದೆ. ನಡುವನ್ನು 300 ಕಿಲೋಹರ್ಟ್ಸ್ ಪಕ್ಕಕ್ಕೆ ಸರಿಸಿ ನೋಡಿ. ಸೂಜಿಯೂ ಜೊತೆಗೆ ಸರಿದರೆ ಅದಕ್ಕೂ ಆಕಾಶಕ್ಕೂ ಸಂಬಂಧವಿಲ್ಲ. ಆಮೇಲೆ ಆಂಟೆನಾ ಕಳಚಿ, ಅದರ ಜಾಗಕ್ಕೆ 50 ಓಮಿನ ಟರ್ಮಿನೇಟರ್ (ಹೊರಗಿನ ಯಾವ ಸಂಕೇತವನ್ನೂ ಒಳಬಿಡದ, ಮುಚ್ಚಳದಂಥ ರೋಧಕ) ತಿರುಪಿ ನೋಡಿ. ಆಗಲೂ ಉಳಿಯುವುದೆಲ್ಲ ನಿಮ್ಮದೇ ಮನೆಯ ಗದ್ದಲ.

ಹೈಡ್ರೋಜನ್ ಸೂಜಿಯಾಗಿರಲು ಸಾಧ್ಯವೇ ಇಲ್ಲ ಎಂಬುದನ್ನೂ ಗಮನಿಸಿ. ನೂರು ಕೆಲ್ವಿನ್ನಿನ ತಣ್ಣನೆಯ ಅನಿಲದ ಪರಮಾಣುಗಳ ಓಡಾಟವೊಂದೇ ರೇಖೆಯನ್ನು ಸುಮಾರು 10 ಕಿಲೋಹರ್ಟ್ಸ್ ಅಗಲ ಮಾಡುತ್ತದೆ. ಹಾರ್ನಿನ ಅಗಲ ನೋಟದಲ್ಲಿ ಹಲವು ಅನಿಲ ಮೋಡಗಳು ಒಟ್ಟಿಗೆ ಬಿದ್ದು ಅದು ನೂರಾರು ಕಿಲೋಹರ್ಟ್ಸ್‌ಗೆ ಹರಡುತ್ತದೆ. ಮತ್ತೊಂದು, ಗ್ರಾಹಕದ ಪಟ್ಟಿ ಸಮತಟ್ಟಾಗಿರುವುದಿಲ್ಲ, ಅದಕ್ಕೆ ತನ್ನದೇ ಉಬ್ಬುತಗ್ಗುಗಳಿರುತ್ತವೆ. ಆಕಾಶಗಂಗೆಯಿಂದ ದೂರದ ಆಕಾಶವನ್ನೋ ಟರ್ಮಿನೇಟರನ್ನೋ ಅಳೆದ ರೋಹಿತದಿಂದ ಭಾಗಿಸಿದ ಮೇಲೆ ಉಳಿಯುವ ಉಬ್ಬನ್ನಷ್ಟೇ ನಂಬಿ. 1400ರಿಂದ 1427 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಪ್ರಸಾರ ಮಾಡುವುದನ್ನು ಅಂತರರಾಷ್ಟ್ರೀಯ ನಿಯಮವೇ ನಿಷೇಧಿಸಿದೆ, ಆದರೆ ಎಲ್‌ಇಡಿ ದೀಪವೂ ಮೊಬೈಲ್ ಚಾರ್ಜರೂ ನಿಯಮಾವಳಿ ಓದುವುದಿಲ್ಲ. ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ಓಡಿಸಿ, ಹಾರ್ನಿನಿಂದ ದೂರವಿಡಿ.

ಉತ್ತರ 5: ಸೌರ ವೀಕ್ಷಕ

ಚರ್ಚೆ ಹೈಡ್ರೋಜನ್ನಿನ ಕಡೆಗೇ ವಾಲಿರುವುದರಿಂದ ಒಂದು ಸಣ್ಣ ಸೇರ್ಪಡೆ. ಶಾಲೆಯೊಳಗೆ ವರ್ಷಗಟ್ಟಲೆ ತಾನಾಗಿ ನಡೆಯುವ ಪ್ರಯೋಗ ಬೇಕಾದರೆ, ಮರದ ಚೌಕಟ್ಟಿಗೆ ತಂತಿ ಸುತ್ತಿದ ಒಂದು ಕುಣಿಕೆ ಆಂಟೆನಾ, ಒಂದು ಸಣ್ಣ ವರ್ಧಕ ಮತ್ತು ಕಂಪ್ಯೂಟರಿನ ಸೌಂಡ್ ಕಾರ್ಡ್ ಸಾಕು. ಜಲಾಂತರ್ಗಾಮಿಗಳಿಗಾಗಿ ನೌಕಾಪಡೆಗಳು 15ರಿಂದ 30 ಕಿಲೋಹರ್ಟ್ಸ್‌ಗಳ ನಡುವೆ ನಡೆಸುವ ಪ್ರಸಾರಗಳ ಬಲವನ್ನು ದಾಖಲಿಸುತ್ತ ಹೋದರೆ ಸೂರ್ಯೋದಯ ಮತ್ತು ಸೂರ್ಯಾಸ್ತಗಳು ನಕ್ಷೆಯಲ್ಲಿ ಪ್ರತಿದಿನ ಮೂಡುತ್ತವೆ, ಸೌರಜ್ವಾಲೆ ಎದ್ದಾಗ ಅದರ ಎಕ್ಸ್-ಕಿರಣವು ಈ ಅಲೆಗಳನ್ನು ಮರಳಿಸುವ ಅಯಾನುಗೋಳದ (ವಾತಾವರಣದ ಮೇಲಿನ ವಿದ್ಯುದಾವೇಶಿತ ಪದರದ) ಕೆಳಭಾಗವನ್ನು ಕದಡಿ ನಕ್ಷೆ ಥಟ್ಟನೆ ಏರುತ್ತದೆ ಇಲ್ಲವೇ ಬೀಳುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸೂಪರ್‌ಸಿಡ್ ಯೋಜನೆ ಶಾಲೆಗಳಿಗಾಗಿಯೇ ರೂಪಿಸಿದ್ದು. ಅಧ್ಯಾಪಕಿಯವರು ಕೇಳುವ ಸಾಕ್ಷಿ ಇದರಲ್ಲಿ ಅಂದೇ ಸಿಗುತ್ತದೆ: ಅಮೆರಿಕದ ಹವಾಮಾನ ಉಪಗ್ರಹಗಳಾದ ಗೋಸ್ ಅಳೆದ ಎಕ್ಸ್-ಕಿರಣದ ನಕ್ಷೆಯನ್ನು ಅಂತರ್ಜಾಲದಲ್ಲಿ ತೆರೆದು, ನಿಮ್ಮ ಏರಿಕೆಯ ಹೊತ್ತು ಅದಕ್ಕೆ ಹೊಂದುತ್ತದೆಯೇ ಎಂದು ಮಕ್ಕಳೇ ನೋಡಬಹುದು.

ಗುರುಗ್ರಹದ ರೇಡಿಯೋ ಸಿಡಿತಗಳನ್ನು ಕೇಳಿಸುವ ಆಸೆ ಯಾರಿಗಾದರೂ ಇದ್ದರೆ ಅದನ್ನು ಸಾರ್ವಜನಿಕ ಕಾರ್ಯಕ್ರಮಕ್ಕೆ ಇಟ್ಟುಕೊಳ್ಳಬೇಡಿ. ನಾಸಾದ ರೇಡಿಯೋ ಜೋವ್ ಯೋಜನೆ 1998ರಿಂದ 20.1 ಮೆಗಾಹರ್ಟ್ಸ್‌ನಲ್ಲಿ ಇದನ್ನು ಕಲಿಸುತ್ತಿದೆ, ಒಳ್ಳೆಯ ಯೋಜನೆಯೇ. ಆದರೆ ಕರೆದ ದಿನ ಗುರು ಬಾಯಿ ತೆರೆಯುತ್ತಾನೆಂಬ ಭರವಸೆ ಇಲ್ಲ.

ಮತ್ತೆ ಒಂದೂವರೆ ತಿಂಗಳ ಬಳಿಕ: ವಿಜ್ಞಾನ ಸಂಘದ ಸಂಚಾಲಕ

ಸೂಜಿ ಗ್ರಾಹಕದ್ದೇ. 300 ಕಿಲೋಹರ್ಟ್ಸ್ ಸರಿಸಿದೆವು, ಅದೂ ಸರಿಯಿತು. ಟರ್ಮಿನೇಟರ್ ಹಾಕಿದೆವು, ಆಗಲೂ ಇತ್ತು. ಚಪ್ಪಾಳೆ ತಟ್ಟಿದ್ದ ಅದೇ ಮಕ್ಕಳನ್ನು ಕರೆಸಿ ಇವೆರಡನ್ನೂ ಅವರ ಕೈಯಿಂದಲೇ ಮಾಡಿಸಿದೆ. ಅಂದು ನಾನು ಹೇಳಿದ್ದು ತಪ್ಪು ಎಂದಾಗ ಒಬ್ಬ ಹುಡುಗ ಬಹಳ ಸಂತೋಷಪಟ್ಟ. ಸೂಜಿಯನ್ನು ಪಕ್ಕಕ್ಕೆ ತಳ್ಳಿ, ಟರ್ಮಿನೇಟರಿನ ರೋಹಿತದಿಂದ ಭಾಗಿಸಿ, ಐದು ನಿಮಿಷದ ಸರಾಸರಿ ತೆಗೆದಾಗ ಅಗಲವಾದ, ತಗ್ಗಾದ ದಿಬ್ಬವೊಂದು ಕಂಡಿತು. ಹಾರ್ನನ್ನು ಆಕಾಶಗಂಗೆಯಿಂದ ಆಚೆ ತಿರುಗಿಸಿದಾಗ ಕುಗ್ಗಿತು, ಮರಳಿಸಿದಾಗ ಎದ್ದಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಇನ್ನೊಮ್ಮೆ ತಿರುಗಿಸಿ ಎಂದರು.

ಆ ಬಳಿಕ ಹಾರ್ನನ್ನು ನೆತ್ತಿಗೆ ನಿಲ್ಲಿಸಿ ನಾಲ್ಕು ವಾರ ಅಳೆದಿದ್ದೇವೆ. ನೋಟ ಅಗಲವಾಗಿರುವುದರಿಂದ ದಿಬ್ಬದ ಶಿಖರದ ಹೊತ್ತನ್ನು ಹತ್ತು ನಿಮಿಷಕ್ಕಿಂತ ಚೆನ್ನಾಗಿ ಗುರುತಿಸಲು ಆಗುತ್ತಿಲ್ಲ. ಲೆಕ್ಕದ ಪ್ರಕಾರ ಇಷ್ಟರಲ್ಲಿ 1 ಗಂಟೆ 50 ನಿಮಿಷ ಮುಂಚೆ ಬರಬೇಕು. ನಮಗೆ ಸಿಕ್ಕಿರುವುದು 1 ಗಂಟೆ 40 ನಿಮಿಷ. ಹಾಳೆಯನ್ನು ಹಿರಿಯ ಸದಸ್ಯರ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ಪ್ರತಿಯೊಂದು ಚುಕ್ಕೆಯನ್ನೂ ನೋಡಿ, ಈ ನಾಲ್ಕು ವಾರದಲ್ಲಿ ಲ್ಯಾಪ್‌ಟಾಪಿನ ಗಡಿಯಾರ ಸರಿಯಾಗಿ ನಡೆದಿದೆಯೇ ಎಂದು ಪರೀಕ್ಷಿಸಿದ್ದೀರಾ ಎಂದು ಕೇಳಿದರು. ಪರೀಕ್ಷಿಸಿರಲಿಲ್ಲ. ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ.